ಗ್ಯಾಸಿಗೆ ನಾತ ಹಾಕುವಾಕೆ

ಬೀದಿದೀಪಗಳು ಇನ್ನೂ ಆರಿಲ್ಲ. ಹೊಸ ಬಡಾವಣೆಯ ಕೊನೆಯ ಓಣಿಯಲ್ಲಿ, ಗೋಡೆಗೆ ಆತುಕೊಂಡ ಹಳದಿ ಕೊಳವೆಯ ಎದುರು, ಐವತ್ತು ದಾಟಿದ ಹೆಂಗಸೊಬ್ಬರು ಪುಟ್ಟ ಸ್ಟೂಲಿನ ಮೇಲೆ ಕೂತಿದ್ದಾರೆ. ತೊಡೆಯ ಮೇಲೊಂದು ಪೆಟ್ಟಿಗೆ. ಅದರ ಒಂದು ಬದಿಗೆ ಗ್ಯಾಸ್ ಕೊಳವೆಯಿಂದ ಬಂದ ರಬ್ಬರ್ ಪೈಪು, ಇನ್ನೊಂದು ಬದಿಗೆ ಮೂಗಿಗೆ ಹಿಡಿಯುವ ಬಟ್ಟಲು. ಅವರು ಗುಂಡಿಯನ್ನು ಚೂರೇ ಚೂರು ತಿರುಗಿಸುತ್ತಾರೆ, ಕಣ್ಣು ಮುಚ್ಚಿ ಮೂಸುತ್ತಾರೆ, ಇನ್ನಷ್ಟು ತಿರುಗಿಸುತ್ತಾರೆ, ಮತ್ತೆ ಮೂಸುತ್ತಾರೆ. ಕೊನೆಗೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

"ಬಂದಿಲ್ಲ," ಎನ್ನುತ್ತಾರೆ. "ಇವತ್ತೂ ಬಂದಿಲ್ಲ."

ಬರಬೇಕಾದದ್ದು ನಾತ. ಅದು ಬರುವವರೆಗೂ ಈ ಬಡಾವಣೆಯ ಒಲೆಗಳಿಗೆ ಗ್ಯಾಸ್ ಬಿಡುವಂತಿಲ್ಲ. ನಾಳೆ ಉದ್ಘಾಟನೆ. ಪರದೇಶದಿಂದ ಅತಿಥಿಗಳು ಬಂದಿಳಿದಾಗಿದೆ, ಶಾಮಿಯಾನವೂ ಎದ್ದು ನಿಂತಿದೆ. ಬೆನ್ನ ಹಿಂದಿನ ಮನೆಯ ಕಿಟಕಿಯಿಂದ ಕಲ್ಲಿದ್ದಲ ಹೊಗೆ ಹೊರಬರುತ್ತಿದೆ, ಜೊತೆಗೆ ಒಂದು ಪುಟ್ಟ ಮಗುವಿನ ಕೆಮ್ಮು. ಆ ಮನೆ ಇವರ ಮಗಳದು. ಅಮ್ಮ ಬಂದು ಕೂತಿರುವುದು ಗೊತ್ತಿದ್ದರೂ ಮಗಳು ಬಾಗಿಲು ತೆರೆದಿಲ್ಲ.

ಇವರನ್ನು ಗ್ಯಾಸ್ ಕಂಪನಿಯಲ್ಲಿ ಎಲ್ಲರೂ ಕರೆಯುವುದು ನಾತದಕ್ಕ ಎಂದೇ. ಬೇಜಾರಿಲ್ಲವೇ ಎಂದು ಕೇಳಿದರೆ ನಗುತ್ತಾರೆ. "ಮಾಡೋ ಕೆಲಸದ ಹೆಸರು ತಾನೆ? ಗಂಧದಕ್ಕ ಅಂತ ಕರೆದ್ರೆ ನಾನೇ ತಿರುಗಿ ನೋಡ್ತಿರಲಿಲ್ಲ."

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು, ನನಗೂ ಗೊತ್ತಿರಲಿಲ್ಲ: ಕೊಳವೆಯಲ್ಲಿ ಮನೆಗೆ ಬರುವ ಗ್ಯಾಸಿಗೆ ತನ್ನದೆಂಬ ವಾಸನೆ ಇರುವುದಿಲ್ಲ. ಸೋರಿ ಕೋಣೆ ತುಂಬಿಕೊಂಡರೂ ಮೂಗಿಗೆ ಸುಳಿವು ಸಿಗದು. ಯಾರೋ ದೀಪದ ಸ್ವಿಚ್ ಒತ್ತಿದಾಗಲೇ ತಿಳಿಯುವುದು. ಅದಕ್ಕಾಗಿಯೇ ಊರಾಚೆಯ ಸ್ಟೇಷನ್ನಿನಲ್ಲಿ, ಗ್ಯಾಸ್ ಊರೊಳಗೆ ಕಾಲಿಡುವ ಮುನ್ನ, ಕೊಳೆತ ಮೊಟ್ಟೆಯಂತೆ ನಾರುವ ಒಂದು ದ್ರವವನ್ನು ಅದಕ್ಕೆ ತೊಟ್ಟು ತೊಟ್ಟಾಗಿ ಸೇರಿಸುತ್ತಾರೆ. ನೂರು ಪಾಲು ಗಾಳಿಗೆ ಒಂದು ಪಾಲು ಗ್ಯಾಸ್ ಬೆರೆತರೂ ಮನುಷ್ಯ ಮೂಗು ಮುಚ್ಚಿಕೊಳ್ಳಬೇಕು ಎಂಬುದು ನಿಯಮ. ಬೆಂಕಿ ಹತ್ತಲು ಅದರ ಐದು ಪಟ್ಟು ಬೇಕು. ಆ ನಡುವಿನ ಅಂತರದಲ್ಲೇ ಊರಿನ ಜೀವ ಇದೆ.

ನಾತದಕ್ಕ ಒಂದು ವಾರ ದ್ರವ ತುಂಬುತ್ತಾರೆ, ಮರುವಾರ ಊರಿನ ತುದಿತುದಿಗೆ ಹೋಗಿ ಮೂಸುತ್ತಾರೆ. ಜೊತೆಗಾರನೊಬ್ಬ ಇದಕ್ಕೆ ಅದಲುಬದಲು. ತುಂಬಿದವರು ಅದೇ ವಾರ ಮೂಸುವಂತಿಲ್ಲ. ಈ ಕಟ್ಟುನಿಟ್ಟು ಹುಟ್ಟಿದ್ದು ಒಂದು ಎಡವಟ್ಟಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರು ಬೆಳಗ್ಗೆ ದ್ರವ ತುಂಬಿ, ಅದೇ ಮೂಗು ಹೊತ್ತು ಪರೀಕ್ಷೆಗೆ ಹೋಗಿದ್ದರು. ನಾತ ಕುಡಿದು ಕುಡಿದು ದಣಿದ ಮೂಗಿಗೆ ಏನೂ ತಿಳಿಯಲಿಲ್ಲ. ವಾಸನೆ ಸಾಲದು ಎಂದರು, ಸ್ಟೇಷನ್ನಿನವರು ಎರಡು ಪಟ್ಟು ಬಿಟ್ಟರು.

"ಊರಿಗೆ ಊರೇ ಬೀದಿಗೆ ಬಂತು! ಅಗ್ನಿಶಾಮಕದವರ ಫೋನು ಬಡ್ಕೊಂಡಿದ್ದೇ ಬಡ್ಕೊಂಡಿದ್ದು. ಒಂದು ಮದುವೆ ಛತ್ರದಲ್ಲಿ ಬೀಗರು ಬೀಗರು ಅಡುಗೆ ಹಳಸಿದೆ ಅಂತ ಜಗಳಕ್ಕೆ ನಿಂತ್ಬಿಟ್ರಂತೆ. ನಾನು ಮೂರು ದಿನ ಮುಖ ಎತ್ತಿ ಓಡಾಡಲಿಲ್ಲ."

ಇಂದಿಗೂ ಮೂಸುವ ವಾರದಲ್ಲಿ ಅವರು ಸೋಪು ಹಚ್ಚುವುದಿಲ್ಲ, ಹೂ ಮುಡಿಯುವುದಿಲ್ಲ, ಪರೀಕ್ಷೆ ಮುಗಿಯುವ ತನಕ ಕಾಫಿ ಬಾಯಿಗಿಡುವುದಿಲ್ಲ. ತುಂಬುವ ವಾರದಲ್ಲಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಸದಾ ಖಾಲಿ. ಮನೆಯಲ್ಲಿ ಅವರ ಪಾಲಿನ ಹೈಕೋರ್ಟು ಎಂದರೆ ಅತ್ತೆ. ಎಂಬತ್ತು ದಾಟಿದ ಆ ಅಜ್ಜಿಗೆ ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು. ಸೊಸೆ ಗೇಟು ತೆರೆಯುವ ಮೊದಲೇ ಒಳಗಿನಿಂದ ಕೂಗು ಬರುತ್ತದೆ: "ಹಿಂದಿನ ಬಾಗಿಲಿಂದ ಬಾರೇ, ಬಟ್ಟೆ ಅಲ್ಲೇ ಬಿಚ್ಚಾಕು!" ಟೈಲರ್ ಆಗಿರುವ ಗಂಡನಂತೂ ಹೆಂಡತಿಯ ಕೆಲಸದ ಬಟ್ಟೆ ತೂಗುಹಾಕಲೆಂದೇ ಹಿತ್ತಲಲ್ಲಿ ತಗಡಿನ ಗೂಡು ಕಟ್ಟಿಸಿಕೊಟ್ಟಿದ್ದಾರೆ.

ಹಿಂದೆ ಈ ಕೆಲಸ ಇಷ್ಟು ಕಷ್ಟವಿರಲಿಲ್ಲವಂತೆ. ಆಗ ಊರಿಗೆ ಗ್ಯಾಸ್ ಬರುತ್ತಿದ್ದುದು ಹತ್ತಿರದ ಬಾವಿಗಳಿಂದ, ಅದಕ್ಕೆ ಅಷ್ಟಿಷ್ಟು ತನ್ನದೇ ನಾತವಿತ್ತು. ಬಾವಿಗಳು ಬತ್ತಿದವು. ಈಗ ವಿಪರೀತ ತಣಿಸಿ ದ್ರವ ಮಾಡಿದ ಗ್ಯಾಸನ್ನು ಹಡಗುಗಳು ಹೊತ್ತು ತರುತ್ತವೆ, ಎಲ್ಲಿ ಅಗ್ಗವೋ ಅಲ್ಲಿಂದ. ದೂರದಲ್ಲೆಲ್ಲೋ ಚಳಿ ಜೋರಾದರೆ, ಯಾವುದೋ ಎರಡು ದೇಶ ಕಾಲುಕೆರೆದು ಜಗಳಕ್ಕೆ ನಿಂತರೆ, ನಮ್ಮ ಕಡೆಗೆ ಹೊರಟ ಹಡಗು ನಡುಸಮುದ್ರದಲ್ಲೇ ಹೆಚ್ಚು ಬೆಲೆ ಕೊಟ್ಟವರತ್ತ ತಿರುಗಿಬಿಡುತ್ತದೆ. ಹಾಗೂ ಹೀಗೂ ಬಂದು ಮುಟ್ಟಿದ ಗ್ಯಾಸು ಚಿನ್ನದ ಬೆಲೆಯದು, ವಾಸನೆಯಲ್ಲಿ ಮಾತ್ರ ಸೊನ್ನೆ. "ಹಡಗಿನ ಗ್ಯಾಸು ಮಡಿವಂತ," ಎನ್ನುತ್ತಾರೆ ನಾತದಕ್ಕ. "ಅದನ್ನ ಮೈಲಿಗೆ ಮಾಡೋಕೇ ನಮಗೆ ಸಂಬಳ."

ಹೊಸ ಬಡಾವಣೆಯ ಕಥೆ ಇನ್ನೊಂದು. ಇಲ್ಲಿನ ಮನೆಗಳು ಕಲ್ಲಿದ್ದಲ ಒಲೆ ಬಿಡಲಿ ಎಂದು ಕೊಳವೆ ಹಾಕಲು ಹಣ ಕೊಟ್ಟಿರುವುದು ಶ್ರೀಮಂತ ದೇಶಗಳ ಹವಾಮಾನ ನಿಧಿ. ಕೊಟ್ಟರೂ ಅರೆಮನಸ್ಸು. ಗ್ಯಾಸೂ ನೆಲದಿಂದ ಬಗೆದದ್ದೇ, ಉರಿದರೆ ಅದೂ ಭೂಮಿಯನ್ನು ಬಿಸಿ ಮಾಡುತ್ತದೆ, ಅದಕ್ಕೇಕೆ ನಮ್ಮ ದುಡ್ಡು ಎಂದು ನಿಧಿಯೊಳಗೇ ತಕರಾರಿದೆ. ಗೊತ್ತುಪಡಿಸಿದ ದಿನ ಒಲೆ ಉರಿಯದಿದ್ದರೆ ಪಕ್ಕದ ಬಡಾವಣೆಗೆ ಬರಬೇಕಾದ ಹಣ ಬೇರೆ ಕಡೆ ಹೋದೀತು ಎಂಬ ಹೆದರಿಕೆ ಕಂಪನಿಗೆ. ನಿಧಿಯವರ ತಕರಾರಿನ ಬಗ್ಗೆ ನಾತದಕ್ಕನನ್ನು ಕೇಳಿದೆ.

"ಅವ್ರು ಹೇಳೋದು ನಿಜ ಇರಬಹುದು. ಉರೀದೇ ಇರೋ ಗ್ಯಾಸು ಹಂಗೇ ಸೋರಿ ಮೇಲೆ ಹೋದ್ರೆ ಇನ್ನೂ ಕೆಟ್ಟದ್ದಂತೆ, ಅದನ್ನೂ ತಡೆಯೋದು ಈ ನಾತಾನೇ ಅಲ್ವಾ? ಮುಂದೆ ಬಿಸಿಲಿಂದಾನೋ ಗಾಳಿಯಿಂದಾನೋ ಒಲೆ ಉರಿಸ್ಲಿ, ನನ್ನ ಕೆಲ್ಸ ಹೋದ್ರೆ ಹೋಗ್ಲಿ. ಆದ್ರೆ ನನ್ನ ಮೊಮ್ಮಗು ಕೆಮ್ಮೋದು ಇವತ್ತು."

ತೊಡಕು ಬಂದಿರುವುದು ಹೊಸ ಕೊಳವೆಯಿಂದ. ಹೊಸ ಉಕ್ಕಿನ ಒಳಮೈ ನಾತವನ್ನು ಹೀರಿಕೊಳ್ಳುತ್ತದೆ. ಸ್ಟೇಷನ್ನಿನಲ್ಲಿ ಅಳತೆ ತಪ್ಪದೆ ಬೆರೆಸಿದರೂ ಕೊನೆಯ ಮನೆ ಮುಟ್ಟುವಷ್ಟರಲ್ಲಿ ಗ್ಯಾಸು ಮತ್ತೆ ಮಡಿ. ಕೊಳವೆಯ ಹಸಿವು ತೀರುವವರೆಗೆ ಗ್ಯಾಸನ್ನು ಹರಿಸುತ್ತಾ, ತುದಿಯಲ್ಲಿ ಅದನ್ನು ಸುಟ್ಟುಹಾಕುತ್ತಾ ಕಾಯಬೇಕು. ಬಡಾವಣೆಯ ಆಚೆ, ಬೇಲಿಯೊಳಗೆ, ಒಂದು ಕಬ್ಬಿಣದ ಕಂಬದ ತುದಿಯಲ್ಲಿ ಜ್ವಾಲೆ ಉರಿಯುತ್ತಲೇ ಇದೆ. ಹಡಗಿನಲ್ಲಿ ಬಂದ ದುಬಾರಿ ಗ್ಯಾಸು ಹೀಗೆ ದಂಡಕ್ಕೆ ಉರಿಯುವುದನ್ನು ನೋಡಿ ಜನ ಹೊಟ್ಟೆ ಉರಿದುಕೊಳ್ಳುತ್ತಾರೆ. ಮಗಳೂ ಅವರಲ್ಲೊಬ್ಬಳು.

ಮಗಳನ್ನು ಆ ದಿನವೇ ಮಾತಾಡಿಸಿದೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಒಲೆಗೆ ಬೆನ್ನುಕೊಟ್ಟು ನಿಂತಿದ್ದಳು. ಅಡುಗೆಮನೆಯ ಸೂರು ಕಪ್ಪಗಾಗಿದೆ. ಹೊಸ ಗ್ಯಾಸ್ ಒಲೆ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿದೆ. "ಊರಿಗೆಲ್ಲಾ ಗ್ಯಾಸ್ ಕೊಡೋಳು, ಮಗಳಿಗೆ ಮಾತ್ರ ಮಸಿ," ಎಂದಳು. "ಗ್ಯಾಸ್ ಬಿಡೋಕೆ ಎಲ್ರೂ ಒಪ್ಕೊಂಡಿದಾರೆ, ಅಮ್ಮ ಒಬ್ಳೇ ಬೇಡ ಅಂತಿರೋದು. ಡಾಕ್ಟ್ರು ಮಗೂನ ಹೊಗೆಯಿಂದ ದೂರ ಇಡಿ ಅಂತಾರೆ. ಎಲ್ಲಿ ಇಡಲಿ?" ಹೇಳುತ್ತಾ ಕಣ್ಣೀರು ಹಾಕಿಬಿಟ್ಟಳು. ಅದು ಹೊಗೆಯಿಂದ ಬಂದ ಕಣ್ಣೀರಲ್ಲ.

ಎಲ್ಲರೂ ಒಪ್ಪಿದ್ದರು ಎಂಬುದು ಪೂರ್ತಿ ನಿಜವಲ್ಲ. ಕಂಪನಿಯ ಮ್ಯಾನೇಜರಿಗೂ ಅಳುಕಿತ್ತು. ಅವರು ಆ ಸಂಜೆ ನಾತದಕ್ಕನನ್ನು ಕೋಣೆಗೆ ಕರೆಸಿ ಒಂದೇ ಪ್ರಶ್ನೆ ಕೇಳಿದರು: ನಾಳೆಯ ಮಟ್ಟಿಗೆ, ಅತಿಥಿಗಳ ಎದುರು, ಕೊನೆಯ ಓಣಿಯ ಒಂದೇ ಒಂದು ಒಲೆ ಹಚ್ಚಬಹುದೇ? ಸಾಲಿನಲ್ಲಿ ಕೊನೆಯದು ಮಗಳ ಮನೆಯೇ. ಒಂದು ಹೂಂ ಅಂದಿದ್ದರೆ ಮಗಳ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗ್ಯಾಸು.

"ನನಗೂ ಆಸೆ ಆಯ್ತು," ಎಂದು ನೆನೆಯುತ್ತಾರೆ ನಾತದಕ್ಕ. "ಮಗು ಮುಖ ಕಣ್ಮುಂದೆ ಬಂತು. ಆಗಲ್ಲ ಸಾರ್ ಅಂದೆ. ಮನೆಗೆ ಬಂದು ಅತ್ತೆ ಹತ್ರ ಕೂತು ಅತ್ಬಿಟ್ಟೆ. ಅವ್ರು ಬೆನ್ನು ಸವರಿದ್ರು."

ಉದ್ಘಾಟನೆ ನಿಂತಿತು. ಮ್ಯಾನೇಜರ್ ಅತಿಥಿಗಳಿಗೆ ಸುತ್ತುಬಳಸದೆ ಕಾರಣ ಹೇಳಿದರು. "ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ," ಎಂದರು ನನ್ನೊಡನೆ. "ಆದ್ರೆ ಅಕ್ಕ ಆಗಲ್ಲ ಅಂದ್ಮೇಲೆ ಆ ವಾಲ್ವಿಗೆ ಕೈ ಹಾಕೋದು ನನ್ನಿಂದಾಗ್ತಿರಲಿಲ್ಲ." ಅತಿಥಿಗಳು ಶಾಮಿಯಾನದಲ್ಲಿ ಚಹಾ ಕುಡಿದು, ಕಂಬದ ಜ್ವಾಲೆಯ ಫೋಟೋ ತೆಗೆದುಕೊಂಡು ಹೋದರು. ಪಕ್ಕದ ಬಡಾವಣೆಯ ಹಣ ಇನ್ನೂ ಡೋಲಾಯಮಾನ. ಅವರು ಹೋದ ಮರುವಾರ, ಮೂಸುವ ಸರದಿಯಲ್ಲಿದ್ದ ಜೊತೆಗಾರ ಕೊನೆಯ ಓಣಿಯಿಂದ ಫೋನ್ ಮಾಡಿ "ಅಕ್ಕಾ, ಬಂತು!" ಎಂದು ಕಿರುಚಿದ. ಅಂದೇ ಮಧ್ಯಾಹ್ನ ಸದ್ದುಗದ್ದಲವಿಲ್ಲದೆ ಒಲೆಗಳು ಹೊತ್ತಿಕೊಂಡವು. ಮಗಳು ಒಲೆ ಹಚ್ಚಿದಳು, ಹಾಲು ಕಾಯಿಸಿದಳು, ಅಮ್ಮನಿಗೆ ಮಾತ್ರ ಫೋನ್ ಮಾಡಲಿಲ್ಲ.

ಅದಾಗಿ ಕೆಲವು ವಾರಗಳ ಮೇಲೆ, ಈ ಲೇಖನದ ಒಂದೆರಡು ವಿವರ ಕೇಳಿಕೊಳ್ಳಲು ಅವರ ಮನೆಗೆ ಹೋಗಿದ್ದೇನೆ. ತುಂಬುವ ವಾರ, ಮಧ್ಯಾಹ್ನದ ಹೊತ್ತು. ನಾತದಕ್ಕ ಆಗಷ್ಟೇ ಸ್ನಾನ ಮುಗಿಸಿ ಕಾಫಿ ಲೋಟ ಹಿಡಿದಿದ್ದಾರೆ. ಫೋನು ಬಡಿದುಕೊಳ್ಳುತ್ತದೆ. ಮಗಳ ದನಿ ನನಗೂ ಕೇಳಿಸುವಷ್ಟು ಜೋರು.

"ಅಮ್ಮಾ, ಏನಮ್ಮಾ ಇದು ಹಾಳು ನಾತ! ನಿದ್ದೆ ಮಾಡ್ತಿದ್ದೋಳಿಗೆ ಎಚ್ಚರ ಆಗೋಯ್ತು, ಮಗು ಮೂಗು ಹಿಡ್ಕೊಂಡು ಅಳ್ತಿದೆ!"

"ಸ್ವಿಚ್ ಮುಟ್ಟಿದ್ಯಾ?"

"ಇಲ್ಲ."

"ಕಿಟಕಿ?"

"ತೆಗ್ದೆ. ವಾಲ್ವೂ ತಿರುಗಿಸ್ದೆ. ಈಗ ಬೀದೀಲಿ ನಿಂತಿದೀವಿ. ಮಗು ನನ್ನ ಹತ್ರಾನೇ ಇದೆ."

ನಾತದಕ್ಕ ಲೋಟ ಕೆಳಗಿಟ್ಟು ತುರ್ತು ತಂಡಕ್ಕೆ ಫೋನ್ ಹಚ್ಚುತ್ತಾರೆ. ಓಣಿ, ಮನೆ ಎಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ತಂಡ ಹೋಗಿ ನೋಡಿದರೆ ಒಲೆಯ ಹಿಂದಿನ ಜೋಡಣೆ ಸಡಿಲ. ಕಟ್ಟೆ ತೊಳೆಯಲೆಂದು ಬೆಳಗ್ಗೆ ಒಲೆಯನ್ನು ಪಕ್ಕಕ್ಕೆ ಎಳೆದದ್ದೇ ಕಾರಣ. ಬಿಗಿ ಮಾಡಿ, ಗಾಳಿಯಾಡಿಸಿ, ಎಲ್ಲರೂ ಒಳಗೆ ಹೋಗಬಹುದು ಎಂದು ಅವರು ತಿಳಿಸುತ್ತಾರೆ.

ಮಗಳು ಮತ್ತೆ ಫೋನ್ ಮಾಡುತ್ತಾಳೆ. ಈ ಸಲ ದನಿ ಸಣ್ಣದು, ನನಗೆ ಕೇಳಿಸುವುದಿಲ್ಲ. ನಾತದಕ್ಕ ಬಹಳ ಹೊತ್ತು ಹೂಂ ಹೂಂ ಎನ್ನುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಫೋನ್ ಇಡುತ್ತಾರೆ.

"ಏನಂತೇ ಅವಳದು?" ಮಂಚದಿಂದ ಅತ್ತೆ ಕೇಳುತ್ತಾರೆ.

"ಮನೆ ಇನ್ನೂ ಗಬ್ಬು ನಾರ್ತಿದೆಯಂತೆ ಅತ್ತೆ," ಎನ್ನುತ್ತಾರೆ ನಾತದಕ್ಕ, ಮುಖ ಅರಳಿಸಿಕೊಂಡು. "ಈ ವಾರದ್ದು ನಾನೇ ಹಾಕಿದ್ದು."