ಗದ್ದಕ್ಕೆ ಅರಿಶಿನ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ನಾಗಮಂಗಲದಲ್ಲಿ ವ್ಯಾಕ್ಸ್ ಮಾಡಿಸಿಕೊಂಡದ್ದು ಬುಧವಾರವೋ ಗುರುವಾರವೋ, ಚರ್ಮ ಕಿತ್ತುಬಂದದ್ದು ಗದ್ದದ ಎಡಕ್ಕೋ ಬಲಕ್ಕೋ, ಈಗ ಆಣೆ ಮಾಡಿ ಹೇಳಲಾರೆ. ಮದುವೆಯ ಆಲ್ಬಮ್ಮು ಸಾಕ್ಷಿಗೆ ಬರುವುದಿಲ್ಲ. ಫೋಟೊದವನು ನನ್ನ ಮುಖವನ್ನು ಕಂಪ್ಯೂಟರಿನಲ್ಲಿ ಎಷ್ಟು ತಿಕ್ಕಿದ್ದಾನೆಂದರೆ ಮೂಗಿನ ಪಕ್ಕದ ಮಚ್ಚೆಯೂ ಹೋಗಿದೆ. ಡೈರಿಯೂ ಸಾಕ್ಷಿಗೆ ಬರುವುದಿಲ್ಲ. ದಿನಾ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದ ಇದೆ, ಆದರೆ ಆ ದಿನದ ಪುಟದಲ್ಲಿ ಇರುವುದು ಎರಡೇ ಪದ: "ನಾಗಮಂಗಲ. ಆಯ್ತು." ಯಾರಾದರೂ ತೆರೆದು ಓದಿದರೆ ಎಂಬ ಭಯಕ್ಕೆ ನನ್ನ ಡೈರಿಗೇ ನಾನು ಸುಳ್ಳು ಹೇಳುತ್ತಿದ್ದ ಕಾಲ ಅದು.

ವಿಷಯ ಇಷ್ಟು. ನನಗೆ ಗದ್ದದಲ್ಲಿ ಕೂದಲು ಬರುತ್ತದೆ. ನವಿರು ಅಲ್ಲ, ದಪ್ಪನೆಯ ಕಪ್ಪು ಕೂದಲು. ಶುರುವಾದದ್ದು ಮೈಸೂರಿನ ಹಾಸ್ಟೆಲಿನಲ್ಲಿ ಎಂ.ಎ. ಓದುವಾಗ. ಡಾಕ್ಟರು ಹಾರ್ಮೋನಿನ ಏರುಪೇರು ಅಂದರು. ಮಾತ್ರೆ ನುಂಗಿದರೆ ಹೊಸದು ನಿಧಾನವಾಗಬಹುದು, ಬಂದಿರುವುದು ತಾನಾಗಿ ಉದುರುವುದಿಲ್ಲ ಅಂದರು. ಲೇಸರಿಗೆ ತಿಂಗಳುಗಟ್ಟಲೆ ಓಡಾಡಬೇಕು, ಹಾರ್ಮೋನು ಹದಕ್ಕೆ ಬರದಿದ್ದರೆ ಕೂದಲು ಮತ್ತೆ ಬಂದೀತು ಎಂದೂ ಹೇಳಿದರು. ನಾನು ತಿಂಗಳುಗಟ್ಟಲೆ ಓಡಾಡಿದರೆ ಮನೆಯಲ್ಲಿ ಕಾರಣ ಹೇಳಬೇಕಿತ್ತು. ಹಾಗಾಗಿ ಉಳಿದದ್ದು ದಾರ. ಎಂಟು ದಿನಕ್ಕೊಮ್ಮೆ ದಾರದಲ್ಲಿ ಸಿಕ್ಕಿಸಿ ಕೂದಲು ಕೀಳುವ ಥ್ರೆಡಿಂಗು; ನಾಲ್ಕನೆಯ ದಿನಕ್ಕೇ ಮತ್ತೆ ಚುಕ್ಕೆ ಮೂಡುತ್ತಿತ್ತು.

ಓದು ಮುಗಿಸಿ ಕ್ಯಾತನಹಳ್ಳಿಗೆ ಬಂದ ಮೇಲೆ ಅದೂ ಕಷ್ಟವಾಯಿತು. ಹತ್ತಿರ ಇದ್ದದ್ದು ಪಾಂಡವಪುರ. ಅಲ್ಲಿನ ಪಾರ್ಲರಿನವಳ ಕುರ್ಚಿಯಲ್ಲಿ ಬೆಳಿಗ್ಗೆ ಕೂತವರ ಸುದ್ದಿ ಸಂಜೆ ನಮ್ಮೂರ ಹಾಲಿನ ಡೈರಿಯ ಮುಂದೆ ಸಾಲು ನಿಂತವರಿಗೆ ಗೊತ್ತಿರುತ್ತಿತ್ತು. ಆದ್ದರಿಂದ ನಾನು ದೂರದ ಊರುಗಳನ್ನು ಹಿಡಿದೆ. ಒಮ್ಮೆ ಕೆ.ಆರ್. ಪೇಟೆ, ಒಮ್ಮೆ ನಾಗಮಂಗಲ, ಒಮ್ಮೆ ಶ್ರೀರಂಗಪಟ್ಟಣ. ಕೆ.ಆರ್. ಪೇಟೆಯಲ್ಲಿ ನಾಗಮಂಗಲದವಳು ಅನ್ನುತ್ತಿದ್ದೆ. ನಾಗಮಂಗಲದಲ್ಲಿ ಶ್ರೀರಂಗಪಟ್ಟಣದವಳಾಗುತ್ತಿದ್ದೆ. ಮನೆಯಲ್ಲಿ ಅರ್ಜಿ, ಲೈಬ್ರರಿ, ಗೆಳತಿಯ ಬಾಣಂತನ ಎಂದು ಏನೋ ಒಂದು ಹೇಳಿ ಬಸ್ಸು ಹತ್ತುತ್ತಿದ್ದೆ. ಜಾಣತನ ಎಂದುಕೊಂಡಿದ್ದೆ. ಅದರಲ್ಲಿದ್ದ ತಪ್ಪನ್ನು ಮೊದಲು ಹೇಳಿದ್ದು ಶ್ರೀರಂಗಪಟ್ಟಣದ ಪಾರ್ಲರಿನ ಹೆಂಗಸು, ಐವತ್ತು ದಾಟಿದವರು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದವರು.

"ನೀನು ಊರೂರು ತಿರುಗ್ತೀಯ ಅಲ್ವೇನಮ್ಮ? ಒಬ್ಬೊಬ್ಬರ ಕೈ ಒಂದೊಂದು ಥರ ಎಳೆದಿದೆ ಇಲ್ಲಿ. ಮುಖಾನ ಒಬ್ಬರ ಕೈಗೆ ಕೊಡು. ಯಾರಾದ್ರೂ ಒಬ್ಬರಿಗೆ ಅದರ ಚರಿತ್ರೆ ಗೊತ್ತಿರಬೇಕು."

ನಾನು ನಕ್ಕೆ. ಒಳಗಿನಿಂದ ನಾಲಗೆ ಒತ್ತಿ ಚರ್ಮ ಬಿಗಿಹಿಡಿಯುವುದನ್ನು ಕಲಿಸಿದವರೂ ಅವರೇ. ಹಾಗೆ ಹಿಡಿದರೆ ದಾರ ಚರ್ಮವನ್ನು ಕಚ್ಚುವುದಿಲ್ಲ. ಆ ಪಾಠ ಕಲಿತೆ, ಇನ್ನೊಂದನ್ನು ಕಲಿಯಲಿಲ್ಲ.

ಬೂಕನಕೆರೆಯ ಸಂಬಂಧ ಕುದುರಿತು. ಅವರು ನೋಡಲು ಬರುವ ಹಿಂದಿನ ದಿನ ಬೆಳಿಗ್ಗೆಯಷ್ಟೇ ದಾರ ಹಾಕಿಸಿಕೊಂಡಿದ್ದೆ. ಹುಡುಗ ಇಷ್ಟವಾದರು. ಅದೇ ಕಷ್ಟವಾಯಿತು, ಇಷ್ಟವಾಗದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಮಾತು ಗಟ್ಟಿಯಾದ ದಿನವೇ ನನ್ನ ಪಟ್ಟಿಯಿಂದ ಕೆ.ಆರ್. ಪೇಟೆ ಬಿದ್ದುಹೋಯಿತು, ಏಕೆಂದರೆ ಬೂಕನಕೆರೆಯ ಹೆಂಗಸರು ಹುಬ್ಬು ತೀಡಿಸಲು ಹೋಗುವುದು ಅಲ್ಲಿಗೇ. ಕೊನೆಯ ಸಲ ಅಲ್ಲಿಗೆ ಹೋದಾಗ ಗದ್ದದ ಕಪ್ಪು ಕಲೆಗೆ ರಾತ್ರಿ ಹಚ್ಚಲು ಒಂದು ಕ್ರೀಮು ಹೇಳಿದ್ದರು. ಚರ್ಮವನ್ನು ಸುಲಿದು ಹೊಸದು ತರಿಸುವ ಜಾತಿಯದು. ಬಿಡದೆ ಹಚ್ಚುತ್ತಿದ್ದೆ.

ಇನ್ನು ನಮ್ಮ ಕಡೆಯ ಪದ್ಧತಿ. ಧಾರೆಗೆ ಮೂರು ದಿನ ಮುಂಚೆ ಹೆಣ್ಣಿಗೆ ಅರಿಶಿನ ಹಚ್ಚುತ್ತಾರೆ. ಐದು ಜನ ಮುತ್ತೈದೆಯರು, ಅದರಲ್ಲಿ ಗಂಡಿನ ಕಡೆಯವಳೊಬ್ಬಳು. ಹಚ್ಚಿದ ಮೇಲೆ ಛತ್ರಕ್ಕೆ ಹೊರಡುವ ತನಕ ಹೊಸಿಲು ದಾಟುವಂತಿಲ್ಲ. ಅರಿಶಿನದ ದಿನ ನುಣ್ಣಗಿದ್ದರೂ ಧಾರೆಯ ದಿನಕ್ಕೆ ನನ್ನ ಗದ್ದದಲ್ಲಿ ಚುಕ್ಕೆ ಮೂಡುತ್ತದೆ ಎಂದು ಲೆಕ್ಕ ಹಾಕಿದೆ. ಮೇಕಪ್ಪು ಕಣ್ಣಿಗೆ ಮರೆಮಾಡುತ್ತದೆ. ಆದರೆ ಮದುವೆಮನೆಯಲ್ಲಿ ಹೆಣ್ಣಿನ ಮುಖವನ್ನು ಬರೀ ನೋಡುವುದಿಲ್ಲ, ಮುಟ್ಟುತ್ತಾರೆ. ಬಂದವರೆಲ್ಲ ಗದ್ದ ಹಿಡಿದೆತ್ತಿ, ಕೆನ್ನೆ ಸವರಿ, ನೆಟಿಗೆ ತೆಗೆಯುತ್ತಾರೆ. ಕೈಗೆ ಚುಚ್ಚಿದರೆ ಏನು ಹಚ್ಚಿ ಮರೆಸಲಿ? ವ್ಯಾಕ್ಸ್ ಆದರೆ ಹೆಚ್ಚು ದಿನ ತಡೆಯುತ್ತದೆ ಎಂದು ಓದಿದ್ದೆ. ಅರಿಶಿನದ ಹಿಂದಿನ ದಿನ ನಾಗಮಂಗಲಕ್ಕೆ ಹೋದೆ.

ಅಲ್ಲಿಯವಳು "ಮುಖಕ್ಕೆ ಏನಾದ್ರೂ ಹಚ್ಚುತ್ತಾ ಇದ್ದೀರಾ?" ಎಂದು ಕೇಳಿದಳು, ನಾನು ಇಲ್ಲ ಅಂದೆ. ಇದು ಒಂದು ನೆನಪು. ಅವಳು ಕೇಳಲೇ ಇಲ್ಲ ಎನ್ನುವುದು ಇನ್ನೊಂದು. ಎರಡನೆಯದು ನನಗೆ ಅನುಕೂಲದ್ದು, ಆದ್ದರಿಂದ ಮೊದಲನೆಯದನ್ನೇ ನಂಬುತ್ತೇನೆ. ಮೇಣದ ಮೇಲೆ ಅಂಟಿಸಿದ ಬಟ್ಟೆ ಎಳೆದಾಗ ಬಂದ ಉರಿ ಕೂದಲು ಕಿತ್ತ ಉರಿಯಾಗಿರಲಿಲ್ಲ; ಕ್ರೀಮಿಗೆ ತೆಳುವಾಗಿದ್ದ ಚರ್ಮವೇ ಬಂದಿತ್ತು. ಅವಳು ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, "ಅಯ್ಯೋ" ಅಂದಳು. ಕನ್ನಡಿಯಲ್ಲಿ ಗದ್ದದ ಮೇಲೆ ಎರಡು ಬೆರಳಗಲ ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಕ್ರೀಮು ಹಚ್ಚುವವರಿದ್ದರೆ, ವ್ಯಾಕ್ಸಿಗೆ ಒಂದು ವಾರಕ್ಕೂ ಮುಂಚೆ ನಿಲ್ಲಿಸಿ, ಮುಚ್ಚಿಡದೆ ಹೇಳಿ. ಮದುವೆಯಂಥ ದಿನದ ಹಿಂದಿನ ದಿನ ಮುಖದ ಮೇಲೆ ಹೊಸದೇನನ್ನೂ ಮಾಡಿಸಬೇಡಿ. ನನಗೆ ಇದು ಗೊತ್ತಾದಾಗ ಗೊತ್ತಾಗಿ ಪ್ರಯೋಜನವಿರಲಿಲ್ಲ.

ವೇಲು ಮುಚ್ಚಿಕೊಂಡು ಬಸ್ಸು ಹತ್ತಿದೆ. ಪಾಂಡವಪುರದಲ್ಲಿ ಇಳಿಯಬೇಕಾದವಳು ಇಳಿಯಲಿಲ್ಲ. ನೇರ ಶ್ರೀರಂಗಪಟ್ಟಣಕ್ಕೆ ಹೋಗಿ ಆ ಹೆಂಗಸಿನ ಮುಂದೆ ವೇಲು ತೆಗೆದೆ. ಅವರು ಬೈಯಲಿಲ್ಲ. ತಣ್ಣೀರಿನ ಬಟ್ಟೆ ಒತ್ತಿದರು, ವ್ಯಾಸಲೀನು ತೆಳ್ಳಗೆ ಸವರಿದರು.

"ನಾಳೆ ಒಂದು ದಿನ ಇದನ್ನ ಮುಚ್ಚಿಕೊಡಿ," ಎಂದೆ.

"ಹಸಿ ಗಾಯದ ಮೇಲೆ ಮೇಕಪ್ ಹಾಕಲ್ಲ ನಾನು. ಕೀವಾಗುತ್ತೆ. ಒಣಗಲಿ, ಧಾರೆ ದಿನ ನಾನೇ ಬರ್ತೀನಿ. ನಿಂಬೆಹಣ್ಣು, ಪೇಸ್ಟು, ಯಾರು ಏನು ಹೇಳಿದ್ರೂ ಹಚ್ಚಬೇಡ. ಅರಿಶಿನಾನೂ ತಾಗಿಸಬೇಡ."

"ನಾಳೆ ಅರಿಶಿನ ಶಾಸ್ತ್ರ."

"ಮುಖಕ್ಕೆ ಬೇಡ ಅಂತ ಹೇಳು."

"ಯಾಕೆ ಅಂದ್ರೆ?"

"ಸುಟ್ಟಿದೆ ಅನ್ನು."

"ಹೇಗೆ ಸುಡ್ತು ಅಂದ್ರೆ?"

ಅವರು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದರು.

ಮನೆಯಲ್ಲಿ ಅವ್ವನಿಗೆ ಬಸ್ಸಿನ ಕಂಬಿ ತಗುಲಿತು ಎಂದೆ. ಅವ್ವ ಗದ್ದ ಎತ್ತಿ ನೋಡಿ, ಕೈ ಬಿಟ್ಟಳು.

"ಕಂಬಿ ತಗುಲುದ್ರೆ ಇಂಗಾಗದಾ ಅಮ್ಮಿ? ನಿನ್ನ ಹೆತ್ತೋಳು ಕನ ನಾನು."

ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ. ನಾನು ಅಳುತ್ತಾ, ನಾಳೆ ಮುಖಕ್ಕೆ ಅರಿಶಿನ ಬೇಡವೆಂದು ಹೇಳು ಎಂದು ಅವಳ ಕಾಲು ಹಿಡಿದದ್ದು ಖಂಡಿತ ನೆನಪಿದೆ.

"ಮದ್ವೆ ಮನೇಲಿ ಅರಿಶಿನ ಬ್ಯಾಡ ಅನ್ನದುಂಟಾ? ಗಂಡಿನ ಕಡೆಯೋರು ಬತ್ತಾವ್ರೆ. ಏನೋ ರೋಗ ಮುಚ್ಚಿಕ್ಕವ್ರೆ ಅಂತ ಎದ್ದೋದ್ರೆ ನಿಮ್ಮಪ್ಪ ಬದುಕಾನಾ? ಅಲ್ಲು ಕಚ್ಕೊಂಡು ಕುಂತ್ಕೊ. ಒಂದು ಗಳಿಗೆ."

ಆ ಸಂಜೆ ಎಂದಿನಂತೆ, ನನ್ನನ್ನು ಮದುವೆಯಾಗಲಿದ್ದ ಅವರ ಫೋನು ಬಂತು. ಈಗ ಹೇಳಿಬಿಡುತ್ತೇನೆ ಎಂದು ಹಿತ್ತಲಿಗೆ ಹೋದೆ. ನನಗೆ ಗದ್ದದಲ್ಲಿ ಕೂದಲು ಬರುತ್ತದೆ. ನಾಲ್ಕು ಪದ. ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮಂಡಿಸಿ ಚಪ್ಪಾಳೆ ಪಡೆದವಳು ನಾನು. ನಾಲ್ಕು ಪದ ಬಾಯಿಂದ ಹೊರಡಲಿಲ್ಲ.

"ಯಾಕೆ, ದನಿ ಒಂಥರಾ ಅದೆ?" ಅಂದರು.

"ನೆಗಡಿ," ಎಂದೆ.

ಮರುದಿನ ಹಸೆಯ ಮೇಲೆ ಕೂರಿಸಿದರು. ಸೋದರತ್ತೆ ಮೊದಲು ಹಚ್ಚಿದಳು. ಅವ್ವ ಮೊದಲೇ ಕಿವಿಯಲ್ಲಿ ಹೇಳಿದ್ದಳೋ ಏನೋ, ಹಣೆ, ಕೆನ್ನೆ, ಕೈಕಾಲು ಮಾತ್ರ. ಉಳಿದವರೂ ಅವಳನ್ನು ನೋಡಿ ಹಾಗೆಯೇ ಮಾಡಿದರು. ಬದುಕಿದೆ ಎಂದುಕೊಂಡೆ. ಆಗ ಯಾರೋ ಕೂಗಿದರು.

"ಏಯ್, ಗದ್ದ ಬುಟ್ಬುಟ್ಟವ್ರಲ್ಲೇ! ಅರಿಶಿನ ಏನು ನಿಮ್ಮಪ್ಪನ ಮನೇದಾ, ಉಳಸ್ತಾವ್ರೆ!"

"ಗಂಡಿನ ಕಡೆಯೋರಿಗೆ ಅಂತ ಬುಟ್ಟಿದೀವಿ ಕನ. ಅವ್ರ ಪಾಲಿಂದು ಅದು!" ಎಂದಳು ಸೋದರತ್ತೆ. ತಮಾಷೆಯಾಗಿ ತೇಲಿಸಲು ನೋಡಿದಳು, ಅದೇ ಮುಳುವಾಯಿತು. ಎಲ್ಲರೂ ನಕ್ಕರು. ಐದನೆಯವರಾಗಿ ಗಂಡಿನ ಅಕ್ಕ ಬಾಗಿದರು.

ಎಣ್ಣೆ ಅರಿಶಿನ ತುಂಬಿದ ಅಂಗೈ ನನ್ನ ಗದ್ದದಡಿ ಬಂತು. ಹೆಬ್ಬೆರಳು ಗಾಯದ ಮೇಲೆ ಹಾದು, ನಿಂತಿತು. ಎಷ್ಟು ಹೊತ್ತು ನಿಂತಿತು? ಆ ಕ್ಷಣವನ್ನು ನಾನು ಸಾವಿರ ಸಲ ಎಳೆದಿದ್ದೇನೆ, ಅದರ ಅಸಲು ಉದ್ದ ನನಗೆ ಗೊತ್ತಿಲ್ಲ. ಗಾಯದ ಪಕ್ಕ ವ್ಯಾಕ್ಸು ಬಿಟ್ಟ ಕಡೆ ಕೂದಲಿನ ಮೊನೆ ಎದ್ದಿತ್ತು ಎಂಬುದು ಗೊತ್ತು. ಉರಿ ತಲೆಗೇರಿ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ನೋಡ್ರವ್ವಾ, ಈಗ್ಲೇ ಅಳ್ತಾವ್ಳೆ! ತವರು ಬುಡಕ್ಕೆ ಇನ್ನೂ ಮೂರು ದಿನ ಅದೆ ಕನಮ್ಮಿ!"

ಗಂಡಿನ ಅಕ್ಕ ನಗಲಿಲ್ಲ. ಸೆರಗಿನ ತುದಿಯಿಂದ ನನ್ನ ಗದ್ದದ ಅರಿಶಿನವನ್ನು ಒತ್ತಿ ತೆಗೆದರು. "ಬಾಯೊಳಕ್ಕೆ ಓಯ್ತದೆ," ಎಂದರು, ಯಾರಿಗೋ ಹೇಳುವಂತೆ. ಕರುಣೆಯೋ, ಪರೀಕ್ಷೆಯೋ. ಒರೆಸುವ ಕೈ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಊಟ ಮುಗಿಸಿ, ಬೂಕನಕೆರೆಗೆ ಕಾರು ಹತ್ತಿದರು.

ಮುಂದಿನ ಮೂರು ದಿನ ಮನೆಯಲ್ಲಿ ಫೋನು ಬಂದಾಗಲೆಲ್ಲ ಮದುವೆ ಮುರಿಯಿತು ಎಂದುಕೊಂಡೆ. ಅಡುಗೆಯವರ ಫೋನು, ಹೂವಿನವರ ಫೋನು, ಸಂಜೆ ಅವರ ಫೋನು. ಅವರು ಛತ್ರದ ಲೈಟಿನ ವಿಷಯ ಮಾತಾಡುತ್ತಿದ್ದರು. ಅಕ್ಕ ಏನಾದರೂ ಹೇಳಿದರೇ ಎಂದು ಹೇಗೆ ಕೇಳಲಿ? ಮನೆಯ ಕನ್ನಡಿಯಲ್ಲಿ ಗಾಯ ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಅರಿಶಿನ ಹಿಡಿದು ಕೂತಿತ್ತು. ತೊಳೆದರೂ ಹೋಗಲಿಲ್ಲ.

ಧಾರೆಯ ದಿನ ಬೆಳಿಗ್ಗೆ ಶ್ರೀರಂಗಪಟ್ಟಣದವರು ಮಾತಿನಂತೆ ಬಂದರು. ನನ್ನನ್ನು ಛತ್ರದ ಕೋಣೆಯ ಕಿಟಕಿಗೆ ಎಳೆದರು. "ಬಲ್ಬಿನ ಕೆಳಗೆ ಹಚ್ಚಿದ್ದು ಬಿಸಿಲಿಗೆ ಸುಣ್ಣ ಬಳಿದ ಹಾಗೆ ಕಾಣುತ್ತೆ. ನಿನ್ನ ಬಣ್ಣವೇ ಇರಲಿ." ಬಣ್ಣವನ್ನು ಅಂಗೈ ಮೇಲೆ ನೋಡಲಿಲ್ಲ, ದವಡೆಯ ಅಂಚಿನಲ್ಲಿ, ಕತ್ತಿಗೆ ಸೇರುವ ಕಡೆ ನೋಡಿದರು. ಒಣಗಿದ ಸಿಪ್ಪೆಯನ್ನು ಕೀಳದೆ ಸುತ್ತ ಕ್ರೀಮು ಸವರಿ ಮೆತ್ತಗಾಗಿಸಿದರು. ಸುತ್ತಲಿನ ಕೆಂಪನ್ನು ಮರೆಸಲು ಚೂರು ಹಸಿರು ಛಾಯೆ, ಅದರ ಮೇಲೆ ಚರ್ಮದ ಬಣ್ಣ, ಒದ್ದೆ ಸ್ಪಂಜಿನಲ್ಲಿ ಒತ್ತಿ ಒತ್ತಿ; ಎಲ್ಲೂ ಉಜ್ಜಲಿಲ್ಲ. "ಪೌಡರು ಕಮ್ಮಿ. ಕೂದಲಿದ್ದ ಕಡೆ ಪೌಡರು ಕೂತರೆ ಅದೇ ಎದ್ದು ಕಾಣುತ್ತೆ. ನೋಡೋರ ಕಣ್ಣು ಮೇಲಕ್ಕೆ ಹೋಗ್ಲಿ," ಎಂದು ಕಣ್ಣಿಗೆ ಮಾತ್ರ ಧಾರಾಳವಾಗಿ ಕಾಡಿಗೆ ಎಳೆದರು. ಕೈಗನ್ನಡಿಯಲ್ಲಿ ಕಂಡವಳು ಏನೂ ಹಚ್ಚಿಕೊಂಡಿಲ್ಲದವಳಂತೆ, ಏನೂ ಆಗಿಲ್ಲದವಳಂತೆ ಇದ್ದಳು. ಅಷ್ಟು ಒಳ್ಳೆಯ ಕೆಲಸ ನೋಡಿ ನನಗೆ ಮತ್ತಷ್ಟು ಹೆದರಿಕೆಯಾಯಿತು. ಇನ್ನು ಹೇಳುವುದಕ್ಕೆ ದಾರಿಯೇ ಇರಲಿಲ್ಲ.

ಮದುವೆಯಾಯಿತು, ಅವರ ಕೆಲಸದ ಊರಿನಲ್ಲಿ ಮನೆ ಮಾಡಿದೆವು. ವರ್ಷಗಳಾದವು. ಕ್ರೀಮು ಬಿಟ್ಟೆ, ವ್ಯಾಕ್ಸು ಬಿಟ್ಟೆ. ಈಗ ಮುಖಕ್ಕೆಂದೇ ಇರುವ ಸಣ್ಣ ರೇಜರು. ಸೋಪಿನ ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಇಳಿಸುತ್ತೇನೆ. ಬೋಳಿಸಿದರೆ ದಪ್ಪವಾಗುತ್ತದೆ ಎನ್ನುವುದು ಸುಳ್ಳು. ತುದಿ ಮೊಂಡಾಗಿ ಹಾಗೆ ಅನಿಸುತ್ತದೆ. ದಿನಾ ಅವರಿಗಿಂತ ಮುಂಚೆ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ಜ್ವರ ಬಂದ ದಿನವೂ ಎದ್ದಿದ್ದೇನೆ. ಹೆರಿಗೆಯ ಆಸ್ಪತ್ರೆಯಲ್ಲಿ, ಮಗುವನ್ನು ಇನ್ನೂ ಸರಿಯಾಗಿ ನೋಡುವ ಮೊದಲೇ, ಅವ್ವನಿಗೆ ಬ್ಯಾಗಿನಿಂದ ರೇಜರು ತೆಗೆದುಕೊಡು ಎಂದಿದ್ದೇನೆ. ಅವರು ಒಮ್ಮೆಯೂ ಏನನ್ನೂ ಕೇಳಿಲ್ಲ. ಒಂದು ಸಲ ಗದ್ದ ಹಿಡಿಯಲು ಬಂದರು, ಮುಖ ತಿರುಗಿಸಿದೆ. ಆಮೇಲೆ ಅವರು ಗದ್ದ ಮುಟ್ಟಿಲ್ಲ.

ಗೊತ್ತಿಲ್ಲದೆ ಕೇಳಿಲ್ಲವೋ, ಗೊತ್ತಿದ್ದೇ ಕೇಳಿಲ್ಲವೋ? ಗೊತ್ತಿಲ್ಲದಿದ್ದರೆ ನಾನು ಪ್ರತಿ ಬೆಳಿಗ್ಗೆ ಅವರಿಗೆ ಮೋಸ ಮಾಡುತ್ತಿದ್ದೇನೆ. ತಾಳಿ ಕಟ್ಟುವ ಮೊದಲೇ ಗೊತ್ತಿದ್ದರೆ, ಇಷ್ಟು ವರ್ಷ ಚಿಲಕದ ಸದ್ದು ಕೇಳಿಸಿಕೊಂಡು ಮಲಗಿದ್ದವರು ಅವರು, ಮತ್ತು ಒಳಗೆ ಒಬ್ಬಳೇ ನಿಂತಿದ್ದವಳು ನಾನು. ಯಾವುದು ಹೆಚ್ಚು ಕೆಟ್ಟದ್ದು ಎಂದು ತೀರ್ಮಾನಿಸಲಾಗಿಲ್ಲ. ಅವರನ್ನೇ ಕೇಳುವುದೆಂದರೆ ಹೇಳುವುದು. ಕೇಳಬಹುದಾದವರು ಒಬ್ಬರೇ.

ಕಳೆದ ತಿಂಗಳು ಬೂಕನಕೆರೆಗೆ ಹೋದಾಗ ಅವರ ಅಕ್ಕ ಹಟ್ಟಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಜೊತೆಗೆ ಕೂತೆ. ಅರ್ಧ ಮೊರ ತುಂಬುವ ತನಕ ಕಾದು, ತಲೆ ತಗ್ಗಿಸಿಕೊಂಡೇ ಕೇಳಿದೆ. ಅವರ ಕೈ ನಿಲ್ಲಲಿಲ್ಲ. ಹಸು ಕೂಗಿತು ಎಂದು ಎದ್ದುಹೋದರು. ಕೂಗಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಅದಾದ ಮೇಲೆ ಎರಡು ಸಲ ನಮ್ಮ ಮನೆಗೆ ಬಂದಿದ್ದಾರೆ, ಉಂಡಿದ್ದಾರೆ, ಮಗುವನ್ನು ಆಡಿಸಿದ್ದಾರೆ. ಆ ಮಾತು ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಅರಿಶಿನದ ದಿನ ನನ್ನ ಗದ್ದದಲ್ಲಿ ನಿಮ್ಮ ಕೈಗೆ ಸಿಕ್ಕಿದ್ದನ್ನ, ಮನೆಗೋಗಿ ನಿಮ್ಮ ತಮ್ಮನಿಗೆ ಹೇಳಿದ್ರಾ?"