ಅತ್ತಿಗೆಯ ಗುಡ್ಡದ ರಾಗ

ನನ್ನ ಗಂಡನ ಅಕ್ಕ ಬಳೆ ತೊಡುವುದಿಲ್ಲ, ರೇಷ್ಮೆ ಉಡುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಇದೇನೋ ವೈರಾಗ್ಯವಿರಬೇಕು ಎಂದುಕೊಂಡು ನಾನು ಒಳಗೊಳಗೇ ಮರುಗಿದ್ದೆ. ಆಮೇಲೆ ತಿಳಿಯಿತು, ವೈರಾಗ್ಯವೂ ಇಲ್ಲ ಮಣ್ಣೂ ಇಲ್ಲ, ಅವರ ಕೆಲಸ ಅಂಥದ್ದು. ಸಿನಿಮಾದಲ್ಲಿ ತೆರೆಯ ಮೇಲೆ ಬಾಯಿ ಆಡಿಸುವವಳು ಒಬ್ಬಳು, ಮಾತಾಡುವವಳು ಇನ್ನೊಬ್ಬಳು. ಆ ಇನ್ನೊಬ್ಬಳು ನಮ್ಮ ಅತ್ತಿಗೆ. ಬಳೆ ಕಿಣಿ ಎಂದರೂ ಬಟ್ಟೆ ಸರಭರ ಎಂದರೂ ಮೈಕಿಗೆ ಕೇಳಿಸಿಬಿಡುತ್ತದೆ.

ಅವರ ದನಿ ಗೊತ್ತಿಲ್ಲದವರು ಊರಲ್ಲಿ ಯಾರೂ ಇಲ್ಲ, ಮುಖ ಗೊತ್ತಿದ್ದವರೂ ಇಲ್ಲ. ತರಕಾರಿ ಅಂಗಡಿಯಲ್ಲಿ ಅವರು ಬಾಯಿ ಬಿಟ್ಟರೆ ಸಾಕು, ಅಕ್ಕಪಕ್ಕದವರು ಹುಬ್ಬು ಗಂಟಿಕ್ಕಿ ಎಲ್ಲಿ ಕೇಳಿದ್ದೇವೆ ಎಂದು ಹುಡುಕತೊಡಗುತ್ತಾರೆ. ಎಲ್ಲಿ ಅಂದರೆ, ಬಸ್ ನಿಲ್ದಾಣದಲ್ಲಿ. ‘ಪ್ರಯಾಣಿಕರ ಗಮನಕ್ಕೆ’ ಎಂದು ದಿನವಿಡೀ ಕೂಗುತ್ತಿದ್ದವರೂ ಅತ್ತಿಗೆಯೇ. ಎಷ್ಟೋ ನಾಯಕಿಯರು ಅವರ ಗಂಟಲಲ್ಲಿ ಅತ್ತಿದ್ದಾರೆ, ಪ್ರೀತಿ ಮಾಡಿದ್ದಾರೆ, ಸತ್ತಿದ್ದಾರೆ. ತೆರೆಯ ಮೇಲೆ ಒಂದು ಸಲವಾದರೂ ಅವರ ಹೆಸರು ಬಂದದ್ದಿಲ್ಲ.

ಅತ್ತಿಗೆ ಹುಟ್ಟಿದ್ದು ಗುಡ್ಡದ ಸೀಮೆಯಲ್ಲಿ. ಅಲ್ಲಿಯದೂ ನಮ್ಮ ಮಾತೇ, ಆದರೆ ರಾಗ ಬೇರೆ. ಕಣಿವೆಯ ಆಚೆಗಿರುವವರನ್ನು ಕರೆಯುವ ಹಾಗೆ ಪ್ರತಿ ಮಾತಿನ ಕೊನೆಯನ್ನೂ ಎಳೆದು ಮೇಲಕ್ಕೆತ್ತುತ್ತಾರೆ. ಪೇಟೆಯವರಿಗೆ ಅದನ್ನು ಕೇಳಿದರೆ ನಗು. ಕೆಲಸ ಕೇಳಿಕೊಂಡು ಹೋದ ಮೊದಲ ದಿನ ಡಬ್ಬಿಂಗ್ ಮಾಸ್ತರರು ಬಾಗಿಲಲ್ಲೇ ತಡೆದು, “ಚಪ್ಪಲಿ ಜೊತೆಗೆ ಬಾಯಲ್ಲಿರೋ ಗುಡ್ಡಾನೂ ಹೊರಗೇ ಬಿಟ್ಟು ಬಾ” ಅಂದರಂತೆ. ಅತ್ತಿಗೆ ಬಿಟ್ಟರು. ಮನೆಯಲ್ಲಿ ಆಡಿದರೆ ಎಲ್ಲಿ ನಾಲಿಗೆಗೆ ಅಂಟಿಕೊಳ್ಳುತ್ತದೋ ಎಂದು ಮನೆಯಲ್ಲೂ ಬಿಟ್ಟರು. ಅಮ್ಮ ಗುಡ್ಡದ ರಾಗದಲ್ಲಿ ಕೇಳಿದರೆ ಮಗಳು ಪೇಟೆಯ ಮಾತಲ್ಲಿ ಉತ್ತರ ಕೊಡುವುದು. “ನಿನ್ನ ಹತ್ರ ಮಾತಾಡಿದ್ರೆ ರೇಡಿಯೋ ಹತ್ರ ಮಾತಾಡಿದ ಹಾಗಾಗುತ್ತೆ ಕಣೇ” ಎಂದು ನನ್ನ ಅತ್ತೆ ಕೊನೆಕೊನೆಗೆ ಹೇಳುತ್ತಿದ್ದರು, ನಗುತ್ತಲೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೋಗುತ್ತದೆ. ಚೆನ್ನಾಗಿ ಸುಡಬೇಕು, ಅಷ್ಟೇ.

ಒಂದೇ ಕಡೆ ಆ ರಾಗಕ್ಕೆ ಅಪ್ಪಣೆಯಿತ್ತು. ಆಗಿನ ಸಿನಿಮಾಗಳಲ್ಲಿ ತಟ್ಟೆ ಬೀಳಿಸುವ, ಗಂಡಸರ ಹಿಂದೆ ಬೀಳುವ ಪೆದ್ದು ಕೆಲಸದವಳೊಬ್ಬಳು ಇದ್ದೇ ಇರುತ್ತಿದ್ದಳು, ಅವಳು ಗುಡ್ಡದವಳೇ ಆಗಿರಬೇಕಿತ್ತು. ಅವಳು ಬಾಯಿ ತೆರೆದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅದೂ ಅತ್ತಿಗೆಯ ದನಿಯೇ. ಬೈಯುವ ನಾಯಕಿಯೂ ಅವರೇ, ಬೈಸಿಕೊಳ್ಳುವ ಕೆಲಸದವಳೂ ಅವರೇ.

ಹೀಗಿರುವಾಗ ಸರ್ಕಾರಕ್ಕೆ ಜ್ಞಾನೋದಯವಾಯಿತು. ಕಲಾ ಇಲಾಖೆಯಿಂದ ಒಬ್ಬ ಅಧಿಕಾರಿಣಿ ನಮ್ಮ ಮನೆಗೇ ಬಂದಳು. ಒಳ್ಳೆಯ ಹುಡುಗಿ, ಕಣ್ಣಲ್ಲಿ ಕಪಟವಿರಲಿಲ್ಲ. “ನಮ್ಮ ರಾಜ್ಯದ ಸಿನಿಮಾ, ಸಂಗೀತ ಎಲ್ಲ ಬೆಳೀಬೇಕು ಅಂದ್ರೆ ಎಲ್ಲ ಸೀಮೆಯ ದನಿಯೂ ಬೇಕಮ್ಮ. ಎಲ್ರೂ ಒಂದೇ ಥರ ಮಾತಾಡಿದ್ರೆ ಹೊರಗಿನೋರು ನಮ್ಮದನ್ನೇ ಯಾಕೆ ಕೊಳ್ತಾರೆ?” ಅಂದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಗುಡ್ಡದ ಸೀಮೆಯ ಕತೆಯೊಂದು ಸಿನಿಮಾ ಆಗಿದೆ, ಅದರ ತಾಯಿಯ ಪಾತ್ರ ಮಾಡಿದವಳು ಪೇಟೆಯವಳು, ಆ ತಾಯಿಗೆ ಅತ್ತಿಗೆ ತಮ್ಮ ಹುಟ್ಟೂರಿನ ಮಾತಲ್ಲೇ ದನಿ ಕೊಡಬೇಕು. ತೆರೆಯ ಮೇಲೆ ಹೆಸರೂ ಬರುತ್ತದೆ. ಇದು ವಿಷಯ.

ಅತ್ತಿಗೆ ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ತುಟಿ ಅಲುಗುತ್ತಲೇ ಇರುತ್ತಿತ್ತು. ನಾನು ಹತ್ತಿರ ಹೋದರೆ ನಿಂತುಬಿಡುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ತಮ್ಮನನ್ನು ಕೇಳಿದರು, “ಅಮ್ಮ ನಮ್ಮನ್ನ ಹೇಗೆ ಕರೀತಿದ್ಲೋ? ಸ್ವಲ್ಪ ಹೇಳು.”

“ಕಿವೀಲಿ ಇದೆ ಅಕ್ಕ, ಬಾಯಿಗೆ ಬರಲ್ಲ” ಅಂದರು ನನ್ನ ಗಂಡ. ಅವರು ಕೈಗೂಸಾಗಿದ್ದಾಗಲೇ ಪೇಟೆಗೆ ಬಂದವರು.

ಡಬ್ಬಿಂಗ್ ದಿನ ನನ್ನನ್ನೂ ಕರೆದುಕೊಂಡು ಹೋದರು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆ, ನಮ್ಮ ಉಸಿರು ನಮಗೇ ದೊಡ್ಡದಾಗಿ ಕೇಳಿಸುತ್ತದೆ. ಬಾಯಿ ಒಣಗದಿರಲೆಂದು ಒಂದು ತಟ್ಟೆಯಲ್ಲಿ ಹೆಚ್ಚಿದ ಸೇಬು. ಗಾಜಿನ ಆಚೆ ಮೈಕಿನ ಮುಂದೆ ಅತ್ತಿಗೆ, ಈಚೆ ಸೌಂಡಿನವನು, ಅಧಿಕಾರಿಣಿ, ನಾನು, ಜೊತೆಗೆ ಗುಡ್ಡದ ಸೀಮೆಯಿಂದ ಸಲಹೆಗೆಂದು ಕರೆಸಿದ್ದ ಒಬ್ಬ ಹುಡುಗಿ. ತೆರೆಯ ಮೇಲೆ ಮುದುಕಿ ತಾಯಿ ಇಳಿಜಾರಿನತ್ತ ನೋಡಿ ಮಗಳನ್ನು ಕರೆಯುತ್ತಾಳೆ. ಮಾತು ಇಷ್ಟೇ, “ಬಾ ಮಗಳೇ, ಹೊತ್ತಾಯ್ತು, ಉಣ್ಣು ಬಾ.”

ಅತ್ತಿಗೆ ಹೇಳಿದರು. ತೆರೆಯ ಮೇಲಿನ ತುಟಿಗೆ ಮಾತು ಸರಿಯಾಗಿ ಕೂತಿತು, ಒಂದಿಷ್ಟೂ ಆಚೀಚೆಯಿಲ್ಲ. ಸೌಂಡಿನವನು ತಲೆ ಕೆರೆದುಕೊಂಡ. “ಅಕ್ಕ, ಬಸ್ಸು ಹೊರಡೋ ಹಾಗಿದೆ.”

ಇನ್ನೊಮ್ಮೆ ಹೇಳಿದರು, ಮತ್ತೆ ಬಸ್ಸೇ ಹೊರಟಿತು. “ಊರಲ್ಲಿ ಮಾತಾಡ್ತಿದ್ದ ಹಾಗೆ ಹೇಳಿ ಅಮ್ಮ” ಎಂದಳು ಅಧಿಕಾರಿಣಿ. ಅತ್ತಿಗೆ ಕಣ್ಣು ಮುಚ್ಚಿದರು. ಮತ್ತೆ ಚಿತ್ರ ಓಡಿತು. ಈ ಸಲ ರಾಗ ಬಂತು, ಕೋಣೆ ತುಂಬ ಬಂತು.

ಸೌಂಡಿನವನು ಕಿಸಕ್ಕನೆ ನಕ್ಕುಬಿಟ್ಟ. ಅವನ ತಪ್ಪಲ್ಲ, ನನಗೂ ನಗು ಬಂದಿತ್ತು. ಮುದುಕಿ ತಾಯಿಯ ಬಾಯಿಂದ ಬಂದವಳು ಆ ತಟ್ಟೆ ಬೀಳಿಸುವ ಕೆಲಸದವಳು. ಅಷ್ಟು ವರ್ಷ ಬಳಕೆಯಲ್ಲಿ ಉಳಿದಿದ್ದ ರಾಗ ಅದೊಂದೇ, ಬಾಯಿ ಅದನ್ನೇ ಎತ್ತಿಕೊಟ್ಟಿತು.

ನಗದವಳು ಗುಡ್ಡದ ಹುಡುಗಿಯೊಬ್ಬಳೇ. “ಅಣಕಿಸೋಕೆ ಕರೆಸಿದ್ರಾ?” ಅಂದಳು. “ಶಾಲೇಲಿ ಎಲ್ರೂ ಹೀಗೇ ಅಂದು ಅಂದು ನನ್ನ ಅಳಿಸ್ತಿದ್ರು. ನಮ್ಮಮ್ಮ ಹೀಗೆ ಮಾತಾಡಲ್ಲ.”

“ಇವರೂ ನಿಮ್ಮ ಕಡೆಯೋರೇ ಕಣಮ್ಮ” ಎಂದಳು ಅಧಿಕಾರಿಣಿ.

“ಸುಳ್ಳು.”

ಒಳಗೆ ಮಾತು ಮುಟ್ಟಿಸುವ ಗುಂಡಿಯ ಮೇಲೆ ಸೌಂಡಿನವನು ಬೆರಳಿಟ್ಟುಕೊಂಡೇ ಕೂತಿದ್ದ. ಹಾಗಾಗಿ ಎಲ್ಲವೂ ಅತ್ತಿಗೆಯ ಕಿವಿಗೆ ನೇರವಾಗಿ ಬಿದ್ದಿತ್ತು. ನನಗೆ ಎದ್ದು ಕಿರುಚಬೇಕೆನಿಸಿತು, ಆದರೆ ಯಾರ ಮೇಲೆ? ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಬಾಗಿಲಲ್ಲಿ ತಡೆದ ಮಾಸ್ತರರು ಸತ್ತು ಯಾವ ಕಾಲವಾಗಿತ್ತೋ.

“ಆ ಹುಡುಗಿ ಹೇಳೋದು ಸರಿ” ಎಂದರು ಅತ್ತಿಗೆ ಮೈಕಿನಲ್ಲಿ, ಒಂದೂ ಕಲೆಯಿಲ್ಲದ ಪೇಟೆಯ ಮಾತಿನಲ್ಲಿ. “ಅವಳ ಕೈಲೇ ಹೇಳಿಸಿ.”

ಹುಡುಗಿ ಹೇಳಿದಳು. ತುಟಿಗೆ ಮಾತು ಅಷ್ಟೇನೂ ಕೂಡಲಿಲ್ಲ, ಆದರೂ ಗಾಜಿನ ಈಚೆ ಯಾರಿಗೂ ನಗು ಬರಲಿಲ್ಲ. ಅತ್ತಿಗೆ ಗೋಡೆಗೆ ಕೈಯೂರಿ ಕೇಳಿಸಿಕೊಂಡರು. ಮೆಟ್ಟಿಲಿಳಿಯುವಾಗ, “ಅಮ್ಮ ಹೀಗೇ ಕರೀತಿದ್ಲು” ಎಂದರು.

ಸಿನಿಮಾ ಗೆದ್ದಿತು. ಹೊರಗಿನವರೂ ಬಂದು ಕೊಂಡರು. ಇಲಾಖೆ ಅಂದುಕೊಂಡದ್ದೆಲ್ಲ ಆಯಿತು, ಇಲ್ಲ ಅನ್ನಲಾರೆ. ಪೆದ್ದು ಕೆಲಸದವಳನ್ನು ಸಿನಿಮಾದಿಂದ ಓಡಿಸಿದರು, ಒಳ್ಳೆಯದೇ ಮಾಡಿದರು. ಹೊಸ ನಾಯಕಿಯರು ತಮ್ಮ ತಮ್ಮ ಸೀಮೆಯ ಮಾತನ್ನು ತಾವೇ ಆಡುತ್ತಾರೆ. ಅತ್ತಿಗೆಯನ್ನು ಯಾರೂ ಕರೆಯುವುದಿಲ್ಲ. ಸೀಮೆಯಿಲ್ಲದ ಮಾತು ಈಗ ಯಾರಿಗೆ ಬೇಕು? ಆದರೂ ಅವರು ಬಳೆ ತೊಡುವುದಿಲ್ಲ. ನಾನು ತಂದುಕೊಟ್ಟದ್ದು ಕಪಾಟಿನಲ್ಲೇ ಇದೆ.

ಮೊನ್ನೆ ಸಂಜೆ ಬಸ್ ನಿಲ್ದಾಣದ ಮುಂದೆ ಹಾದು ಬರುತ್ತಿದ್ದೆವು. ಅಲ್ಲೂ ಬದಲಾಗಿದೆ, ಯಾವ ಕಡೆಯ ಬಸ್ಸೋ ಆ ಕಡೆಯ ಮಾತಲ್ಲೇ ಕೂಗುತ್ತಾರೆ. ಗುಡ್ಡದ ಬಸ್ಸಿಗೆ ಆ ಹುಡುಗಿಯದೇ ದನಿ. ಅತ್ತಿಗೆ ನಿಂತರು. ತುಟಿ ಆಡತೊಡಗಿತು. ಹುಡುಗಿಯ ಒಂದೊಂದು ಮಾತಿಗೂ ಸರಿಯಾಗಿ, ಎಳೆತ ಬಂದಲ್ಲಿ ಎಳೆದು, ಎತ್ತುವಲ್ಲಿ ಗಲ್ಲ ಎತ್ತಿ. ದನಿ ಮಾತ್ರ ಇಲ್ಲ.

ನನಗೆ ತಡೆಯಲಾಗಲಿಲ್ಲ. “ಅತ್ತಿಗೆ, ಸ್ವಲ್ಪ ದನಿ ಬಿಟ್ಟು ಹೇಳಿ. ಈ ಗದ್ದಲದಲ್ಲಿ ಯಾರು ಕೇಳ್ತಾರೆ?”

ಅವರು ತಲೆಯಾಡಿಸಿದರು.

“ಬೇಡ ಕಣೇ. ದನಿ ಬಿಟ್ರೆ ಆ ಕೆಲಸದವಳು ಬಂದುಬಿಡ್ತಾಳೆ.”