ಚನ್ನವೀರಪ್ಪನವರ ಶನಿವಾರದ ನಾಷ್ಟಾ
ಸಿಯಾಟಲ್ ಪಕ್ಕದ ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿರುವ ಗದಗಿನ ಚನ್ನವೀರಪ್ಪನವರಿಗೆ ಹದಿನೆಂಟು ವರ್ಷಗಳಿಂದ ಶನಿವಾರದ ನಾಷ್ಟಾ ಎಂದರೆ ಮನೆ ಹತ್ತಿರದ ಹಳೆಯ ತೈವಾನಿ ಹೋಟೆಲು. ಹೊಸದಾಗಿ ಬಂದ ಕನ್ನಡಿಗರು ಅವರ ಜೊತೆ ಇಲ್ಲಿ ಒಮ್ಮೆ ತಿಂದ ಮೇಲೆಯೇ ಸಿಯಾಟಲ್‌ನವರಾದಂತೆ ಲೆಕ್ಕ. ಬಿಸಿ ಸೋಯಾ ಹಾಲಿಗೆ ಉದ್ದನೆಯ ಕರಿದ ಹಿಟ್ಟಿನ ಕೋಲನ್ನು ಅದ್ದುವುದಕ್ಕೂ ಅವರಲ್ಲೊಂದು ಶಾಸ್ತ್ರವಿದೆ, "ಅಜ್ಜಾರ, ಮುಳುಗಿಸಬ್ಯಾಡ್ರೀ, ಬರೇ ತೋಯಿಸ್ರಿ!" ಎಂದು ಪಕ್ಕದ ಮೇಜಿನ ತೈವಾನಿ ಮುದುಕರಿಗೇ ಕನ್ನಡದಲ್ಲಿ ಪಾಠ ಹೇಳಿಬಿಡುತ್ತಾರೆ. ಈರುಳ್ಳಿ ಸೊಪ್ಪಿನ ರೊಟ್ಟಿ ಬಂತೆಂದರೆ ಹೋಟೆಲಿನ ಒಡತಿ ಲಿನ್ ಕಡೆ ಕೈಯೆತ್ತಿ, "ಅಕ್ಕಾರ, ಫಸ್ಟ್ ಕ್ಲಾಸ್!" ಎನ್ನುತ್ತಾರೆ. ಮೊಟ್ಟೆಯನ್ನೂ ಮುಟ್ಟದ ತಮಗೆ ಇಲ್ಲಿ ಒಂದು ದಿನವೂ ತೊಂದರೆಯಾಗಿಲ್ಲ, ಎಲ್ಲಕ್ಕೂ ಹೊಂದಿಕೊಳ್ಳುವ ಸ್ವಭಾವ ಬೇಕಷ್ಟೇ ಎಂದು ಜೊತೆಯವರಿಗೆ ಬುದ್ಧಿ ಹೇಳುತ್ತಾರೆ. ಕಳೆದ ವಾರ ಯಾಕೋ ಅರ್ಧ ಗಂಟೆ ಮೊದಲೇ ಹೋದರು. ಲಿನ್ ಬಗ್ಗಿ ನಿಂತು, ಆಮ್ಲೆಟ್ ಹುಯ್ದ ದೊಡ್ಡ ಕಾವಲಿಯನ್ನು ಬೆವರು ಸುರಿಸುತ್ತ ಉಜ್ಜುತ್ತಿದ್ದರು. ಯಾಕೆಂದು ಕೇಳಿದರೆ, "ನೀವು ಮೊಟ್ಟೆ ತಿನ್ನಲ್ವಲ್ಲ, ನಿಮ್ಮ ರೊಟ್ಟಿನೂ ಇದರ ಮೇಲೇ ಬೇಯೋದು. ಪ್ರತಿ ಶನಿವಾರ ನೀವು ಬರೋ ಮೊದಲು ತೊಳೀತೀನಿ" ಎಂದರು ಇಂಗ್ಲಿಷಿನಲ್ಲಿ, ಅದೇನು ದೊಡ್ಡ ವಿಷಯವಲ್ಲ ಎಂಬಂತೆ. ಚನ್ನವೀರಪ್ಪನವರು ಅಂಗಿಯ ತೋಳು ಮೇಲೇರಿಸಿ ಒಳಗೆ ನಡೆದರು. "ಸರೀರಿ ಅಕ್ಕಾರ, ಇವತ್ತ ನಾ ಉಜ್ತೇನಿ."